ಹಳೆಯ ಮಾದರಿಯ ಬೇಸ್ ಗಿಟಾರುಗಳ ನಾದಗುಣ: ಜಾತ್ರೆಯ ಬಯಲಿನ ದೃಷ್ಟಿಯಿಂದ ಒಂದು ತುಲನೆ

ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಈ ಮೂರೂ ಒಂದೇ ರೈಲುಮಾರ್ಗದ ಮೇಲಿರುವ ಊರುಗಳು. ಇವುಗಳ ಜಾತ್ರೆ ಉತ್ಸವಗಳಲ್ಲಿ ರಸಮಂಜರಿ ಕಾರ್ಯಕ್ರಮವು ನಾಟಕ ಬಯಲಾಟಗಳ ಪಕ್ಕದಲ್ಲಿ ತನ್ನದೊಂದು ಸ್ಥಾನವನ್ನು ಸಂಪಾದಿಸಿಕೊಂಡು ಬಹುಕಾಲವಾಯಿತು. ಗಾಯಕ ಗಾಯಕಿಯರು ಮುಂದೆ ನಿಲ್ಲುತ್ತಾರೆ. ಕೀಬೋರ್ಡು, ತಬಲಾ, ಡ್ರಮ್ಮುಗಳು ಬದಿಗಿರುತ್ತವೆ. ಹಿಂದೆ, ದೀಪದ ಬೆಳಕು ಅಷ್ಟಾಗಿ ತಲುಪದ ಕಡೆಗೆ, ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರನ್ನು ಕೊರಳಿಗೆ ಹಾಕಿಕೊಂಡ ಒಬ್ಬ ವಾದಕನಿರುತ್ತಾನೆ. ಇರುತ್ತಿದ್ದನು ಎಂದರೂ ನಡೆದೀತು. ಮೊದಲೇ ಮುದ್ರಿಸಿಟ್ಟ ಟ್ರ್ಯಾಕು ಅಥವಾ ಕೀಬೋರ್ಡು ವಾದಕನ ಎಡಗೈ ಇವನ ಕೆಲಸವನ್ನು ಮಾಡಬಲ್ಲುದೆಂಬ ಎಣಿಕೆಯಿಂದ ಎಷ್ಟೋ ಮೇಳಗಳು ಇವನನ್ನು ಕೈಬಿಟ್ಟಿವೆ. ಇದಕ್ಕೆ ಕೊಡುವ ಕಾರಣ ಒಂದೇ: ‘ಅವನು ನುಡಿಸಿದ್ದು ಯಾರಿಗೂ ಕೇಳಿಸುವುದಿಲ್ಲ.’ ಈ ಮಾತಿನಲ್ಲಿ ಅನ್ಯಾಯವಿದೆ, ಸ್ವಲ್ಪ ಸತ್ಯವೂ ಇದೆ. ಕೇಳಿಸದಿರುವುದು ವಾದ್ಯದ ದೋಷವೋ, ಕೈಯ ದೋಷವೋ, ಬಯಲಿನ ದೋಷವೋ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ನಾವು ಈಗ ಬಹುವಾಗಿ ಬಳಕೆಯಲ್ಲಿರುವ ಹಳೆಯ ಮಾದರಿಯ ಎರಡು ಜಾತಿಯ ಬೇಸ್ ಗಿಟಾರುಗಳನ್ನೂ ಅವುಗಳ ಪಿಕ್‌ಅಪ್‌ಗಳನ್ನೂ ತುಲನೆಗೆ ಎತ್ತಿಕೊಂಡಿದ್ದೇವೆ.

ಇಂಥ ವಿಷಯ ಈ ಪುಟಗಳಿಗೆ ತಕ್ಕುದೆ ಎಂಬ ಶಂಕೆ ಕೆಲವರಿಗೆ ಬರಬಹುದು. ಮಂದ್ರದ ತಂತಿಯೊಂದು ಪದವನ್ನು ಹೊತ್ತು ನಡೆಯುವುದು ಈ ನೆಲಕ್ಕೆ ಹೊಸತಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫರ (1819–1889) ತತ್ತ್ವಪದಗಳನ್ನು ಹಾಡುವವರ ಕೈಯಲ್ಲಿ ಏಕತಾರಿಯಿರುತ್ತದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳೂ, ಇದೇ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳೂ ತಂಬೂರಿಯ ಖರ್ಜದ ತಂತಿಗೆ ಕಿವಿಗೊಟ್ಟು ಬೆಳೆಯುವ ವಿದ್ಯೆಯನ್ನು ಕಲಿತರು, ಕಲಿಸಿದರು. ಕರಿ ಒಂದರ ಶ್ರುತಿಗೆ ಹೂಡಿದ ಗಂಡುದನಿಯ ತಂಬೂರಿಯಲ್ಲಿ ಆ ಖರ್ಜವು ಸೆಕೆಂಡಿಗೆ ಸುಮಾರು 69 ಕಂಪನಗಳದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಕಂಪನಗಳದು. ಅಂದರೆ ತಂಬೂರಿಯ ಪಾತಾಳಕ್ಕಿಂತಲೂ ಇದು ಒಂದು ಮೆಟ್ಟಿಲು ಕೆಳಗೆ. ಇಷ್ಟು ಕೆಳಗಿಳಿದ ನಾದವನ್ನು ಬಣ್ಣಿಸಲು ನಮ್ಮ ವಿಮರ್ಶೆಯಲ್ಲಿ ‘ಗಂಭೀರ’ ಎಂಬ ಒಂದು ಮಾತನ್ನು ಬಿಟ್ಟರೆ ಬೇರೆ ಮಾತು ಬೆಳೆದಿಲ್ಲವೆಂಬುದು ಖೇದಕರ.

ವ್ಯಾಪಾರಿಗಳು ‘ವಿಂಟೇಜ್’ ಎನ್ನುವುದನ್ನು ಈ ಭಾಗದ ಆಡುಮಾತಿಗೆ ತರುವುದಾದರೆ ‘ಜವಾರಿ’ ಎನ್ನಬಹುದು: ಜವಾರಿ ಕೋಳಿ, ಜವಾರಿ ಜೋಳ ಎನ್ನುವಂತೆ, ಹೊಸ ತಳಿಗಳು ಬರುವುದಕ್ಕಿಂತ ಮುಂಚಿನದು. (ತಂಬೂರಿಯ ಕುದುರೆಯ ಮೇಲೆ ನೂಲೆಳೆಯಿಟ್ಟು ಬಿಡಿಸುವ ‘ಜವಾರಿ’ ಬೇರೆ, ಆದರೂ ನಾದದ ಚರ್ಚೆಯಲ್ಲಿ ಎರಡೂ ಕೂಡಿಬಂದದ್ದು ಸೊಗಸಾಗಿದೆ.) ಅಮೇರಿಕೆಯ ಲಿಯೋ ಫೆಂಡರ್ (1909–1991) 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಎಂಬುದು ಇವುಗಳಲ್ಲಿ ಮೊದಲನೆಯದು. ಅದರ ಪಿಕ್‌ಅಪ್ಪನ್ನು 1957ರಲ್ಲಿ ಎರಡು ತುಂಡುಗಳಾಗಿ ಒಡೆದು, ಒಂದೊಂದು ತುಂಡು ಎರಡೆರಡು ತಂತಿಗಳ ಕೆಳಗೆ ಬರುವಂತೆ ತುಸು ಹಿಂದುಮುಂದಾಗಿ ಕೂಡಿಸಲಾಯಿತು. 1960ರಲ್ಲಿ ಬಂದ ಜಾಝ್ ಬೇಸಿನಲ್ಲಿ ಉದ್ದನೆಯ ಪಿಕ್‌ಅಪ್‌ಗಳು ಎರಡು: ಒಂದು ಕೊರಳಿನ ಕಡೆಗೆ, ಒಂದು ಕುದುರೆಯ ಹತ್ತಿರ. ಇಂದು ಇವೇ ವಿನ್ಯಾಸಗಳನ್ನು ಅನುಸರಿಸಿ ಚೀನಾ, ಇಂಡೊನೇಶಿಯಾಗಳಲ್ಲಿ ತಯಾರಾದ ವಾದ್ಯಗಳು ಹಳೆಯ ಹೆಸರಿನಲ್ಲಿಯೇ ಮಾರಾಟಕ್ಕೆ ಬರುತ್ತಿವೆ. ನಮ್ಮ ವಾದಕರು ಕೊಳ್ಳಬಲ್ಲವು ಇವೇ.

ಪಿಕ್‌ಅಪ್ಪಿನ ಕೆಲಸ ಸರಳವಾದುದು. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರ ಕದಲಿ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಚೌಡಿಕೆಯ ತಂತಿಯು ತನ್ನ ಕಂಪನವನ್ನು ಚರ್ಮಕ್ಕೆ ಒಪ್ಪಿಸುತ್ತದೆ. ತಂಬೂರಿಯದು ಕುದುರೆಯ ಮೂಲಕ ಬುರುಡೆಗೆ. ಅಲ್ಲಿ ಇಡಿಯ ತಂತಿಯ ಸುದ್ದಿ ಒಂದು ತುದಿಯಲ್ಲಿ ಹಾಯ್ದು ಹೋಗುತ್ತದೆ. ಪಿಕ್‌ಅಪ್ಪಾದರೋ ತಂತಿಯ ಒಂದು ಸಣ್ಣ ತುಣುಕನ್ನು ಮಾತ್ರ ಆಲಿಸುತ್ತದೆ. ಆದುದರಿಂದ ಅದು ಯಾವುದರಿಂದ ಮಾಡಲ್ಪಟ್ಟಿದೆ ಎಂಬುದಕ್ಕಿಂತ ಎಲ್ಲಿ ಕುಳಿತಿದೆ ಎಂಬುದೇ ಮೊದಲ ಪ್ರಶ್ನೆ. ವಾದ್ಯಗಳನ್ನು ಹೊಗಳಿಯೋ ತೆಗಳಿಯೋ ಬರೆಯುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆಂಬುದೇ ನಮ್ಮ ಮುಖ್ಯ ಆಕ್ಷೇಪ.

ಲೆಕ್ಕ ಕಠಿಣವಾದುದಲ್ಲ. ಈ ಗಿಟಾರುಗಳ ತಂತಿ 34 ಅಂಗುಲ ಉದ್ದ. ಜಾಝಿನ ಮುಂದಿನ ಪಿಕ್‌ಅಪ್ಪು ಕುದುರೆಯಿಂದ ಸುಮಾರು 6 ಅಂಗುಲ, ಹಿಂದಿನದು ಸುಮಾರು ಎರಡೂವರೆ ಅಂಗುಲ. ಪ್ರಿಸಿಷನ್ನಿನ ಒಡೆದ ಪಿಕ್‌ಅಪ್ಪು ಐದಾರು ಅಂಗುಲಗಳ ನಡುವೆ. ಮೀಟಿದ ತಂತಿಯಲ್ಲಿ ಮೂಲಸ್ವರದೊಡನೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಅಂಶಸ್ವರಗಳೂ ಕೂಡಿ ನಡೆಯುತ್ತವೆ. ಮೂಲಸ್ವರದ ತೂಗಾಟ ತಂತಿಯ ನಡುವಿನಲ್ಲಿ ಹೆಚ್ಚು, ತುದಿಯಲ್ಲಿ ಕಡಿಮೆ. ಈ ಕಾರಣದಿಂದ 6 ಅಂಗುಲದಲ್ಲಿ ಆಲಿಸಿದ ಮೂಲಸ್ವರವು ಎರಡೂವರೆ ಅಂಗುಲದಲ್ಲಿ ಆಲಿಸಿದುದರ ಎರಡು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಕುದುರೆಯ ಹತ್ತಿರದ ಪಿಕ್‌ಅಪ್ಪಿನ ನಾದ ‘ತೆಳು’ ಎನ್ನಿಸುವುದು ಇದರಿಂದ, ಅಯಸ್ಕಾಂತದ ಜಾತಿಯಿಂದಲ್ಲ. ಇನ್ನು ಜಾಝಿನ ಎರಡೂ ಪಿಕ್‌ಅಪ್‌ಗಳನ್ನು ಸಮವಾಗಿ ತೆರೆದಾಗ ಒಂದು ವಿಚಿತ್ರ ಸಂಭವಿಸುತ್ತದೆ. ಬಿಡಿತಂತಿಯ ಎಂಟನೆಯ ಅಂಶಸ್ವರದಲ್ಲಿ ತಂತಿಯು ಒಂದು ಪಿಕ್‌ಅಪ್ಪಿನ ಮೇಲೆ ಏರುತ್ತಿರುವಾಗ ಇನ್ನೊಂದರ ಮೇಲೆ ಅಷ್ಟೇ ಇಳಿಯುತ್ತಿರುತ್ತದೆ. ಎರಡೂ ಕೂಡಿ ಸೊನ್ನೆಯಾಗುತ್ತದೆ. ಅದರ ಅಕ್ಕಪಕ್ಕದ ಏಳನೆಯದೂ ಒಂಬತ್ತನೆಯದೂ ಬಹಳ ಸೊರಗುತ್ತವೆ. ಕೆಳಗಿನ ತಂತಿಯಲ್ಲಿ ಇದು ಸುಮಾರು 290ರಿಂದ 370 ಕಂಪನಗಳವರೆಗಿನ ಪ್ರದೇಶ. ಪ್ರಿಸಿಷನ್ನಿನಲ್ಲಿಯೂ ಸೊರಗುವ ಸ್ಥಾನವಿಲ್ಲದಿಲ್ಲ, ಆದರೆ ಅದು ಆರನೆಯದರ ಸುತ್ತಮುತ್ತ ಬರುತ್ತದೆ. ಎಂಟನೆಯದೂ ಒಂಬತ್ತನೆಯದೂ ಅದರಲ್ಲಿ ಬಲವಾಗಿಯೇ ಉಳಿಯುತ್ತವೆ.

ಈ ಸಣ್ಣ ಭೇದ ಒಳ್ಳೆಯ ಸಭಾಗೃಹದಲ್ಲಿ ಜಾಝಿನ ಪರವಾಗಿ ತೀರ್ಪು ಕೊಡುತ್ತದೆ. ಗಾಯಕನ ಕಂಠ ಓಡಾಡುವ ಕ್ಷೇತ್ರದಲ್ಲಿ ಬೇಸು ತಾನಾಗಿ ಬಾಗಿ ದಾರಿ ಬಿಡುತ್ತದೆ. ಮೇಲೆ ಹೊಳಪು, ಕೆಳಗೆ ಆಳ, ನಡುವೆ ಕನ್ನಡದ ಅಕ್ಷರಗಳಿಗೆ ಜಾಗ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜರು ಕೊಟ್ಟ ಸಂಗೀತದಲ್ಲಿ ಬೇಸು ಬರಿಯ ತಾಳಕ್ಕೆ ಒತ್ತುಗೊಡದೆ ತಾನೇ ಒಂದು ರಾಗರೇಖೆಯನ್ನು ಎಳೆದುಕೊಂಡು ಹೋಗುತ್ತದೆ. ಇಂದಿಗೂ ರಸಮಂಜರಿಗಳಲ್ಲಿ ಬೇಡಿಕೆಯಿರುವ ಅಂಥ ಗೀತೆಗಳಿಗೆ ಜಾಝಿನ ಸ್ಫುಟತೆಯೇ ಬೇಕೆಂದು ವಾದಿಸುವವರಿದ್ದಾರೆ. ಕೋಣೆಯೊಳಗೆ ಅವರ ಮಾತು ಸರಿ.

ಆದರೆ ಜಾತ್ರೆಯ ಬಯಲು ಕೋಣೆಯಲ್ಲ. ವೇದಿಕೆಯ ಮುಂದಿನ ದೊಡ್ಡ ಪೆಟ್ಟಿಗೆಗಳ ಆಳವು ಮೊದಲ ಕೆಲವು ಸಾಲುಗಳಲ್ಲಿ ಎದೆಗೆ ತಾಗುವಷ್ಟಿರುತ್ತದೆ. ಅದನ್ನು ಕೇಳಿ ಮೇಳದವರು ಸಂತುಷ್ಟರಾಗುತ್ತಾರೆ. ಬಯಲಿನ ಅಂಚಿನಲ್ಲಿ ಮಂಡಕ್ಕಿ ಮಿರ್ಚಿಯ ಅಂಗಡಿಯ ಹತ್ತಿರ ನಿಂತವನಿಗೆ, ಓಣಿಯ ಕಟ್ಟೆಯ ಮೇಲೆ ಕುಳಿತ ಮುದುಕರಿಗೆ, ಕಂಬಕ್ಕೆ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕವೇ ಗತಿ. ಅದು ಸುಮಾರು 300 ಕಂಪನಗಳ ಕೆಳಗಿನದನ್ನು ಹೊರಡಿಸಲು ಬಹುಮಟ್ಟಿಗೆ ಅಸಮರ್ಥ. ಮರುದಿನ ಅದೇ ಹಾಡನ್ನು ಮೊಬೈಲಿನಲ್ಲಿ ನೋಡುವವನ ಪಾಡೂ ಹೆಚ್ಚು ಕಡಿಮೆ ಅದೇ. ಹೀಗಿರಲು 41 ಕಂಪನಗಳ ತಂತಿ ಅವರಿಗೆ ಕೇಳಿಸುವುದಾದರೂ ಹೇಗೆ? ಕೇಳಿಸುತ್ತದೆ, ಏಕೆಂದರೆ ಮೇಲಿನ ಅಂಶಸ್ವರಗಳು ಕ್ರಮವಾಗಿ ಬಂದರೆ ಕಿವಿಯು ಇಲ್ಲದ ಮೂಲಸ್ವರವನ್ನು ತಾನೇ ಊಹಿಸಿಕೊಂಡು ತುಂಬಿಕೊಳ್ಳುತ್ತದೆ. ಕಹಳೆಯು ಬಾಯಿ ತೆರೆಯುವ ಅದೇ 300ರ ನೆರೆಯಲ್ಲಿ ಜಾಝಿನ ಎರಡು ಪಿಕ್‌ಅಪ್‌ಗಳು ಒಂದನ್ನೊಂದು ಅಳಿಸಿಕೊಂಡರೆ ಊಹೆಗೆ ಆಧಾರವೇ ಉಳಿಯುವುದಿಲ್ಲ. ಪ್ರಿಸಿಷನ್ನಿನ ಎಂಟನೆಯದು ಒಂಬತ್ತನೆಯದು ಅಲ್ಲಿ ಗಟ್ಟಿಯಾಗಿ ನಿಂತಿರುತ್ತವೆ. ಸಭಾಗೃಹದಲ್ಲಿ ಕಂಠಕ್ಕೆ ಅಡ್ಡ ಬರುತ್ತದೆಂದು ದೂಷಿತವಾದ ಒರಟುತನವೇ ಬಯಲಿನಲ್ಲಿ ಅದರ ಪ್ರಾಣ. ಆದುದರಿಂದ ಈ ಮೂರು ಊರುಗಳ ವೇದಿಕೆಗಳಿಗೆ, ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ, ನಾವು ಪ್ರಿಸಿಷನ್ ಜಾತಿಯನ್ನೇ ಆರಿಸುತ್ತೇವೆ. ವಾದಕನನ್ನು ‘ಕೇಳಿಸುವುದಿಲ್ಲ’ವೆಂದು ಕೈಬಿಡುವ ಮೊದಲು ಮೇಳದವರು ಒಮ್ಮೆ ಬಯಲಿನ ಅಂಚಿಗೆ ನಡೆದು ಹೋಗಿ ನಿಂತು ಕೇಳಬೇಕಾಗಿತ್ತು.

ಇರಲಿ. ಪಿಕ್‌ಅಪ್ಪಿನ ದ್ರವ್ಯದ ವಿಚಾರವಾಗಿ ನಡೆದಿರುವ ಪ್ರಚಾರವನ್ನೂ ಸ್ವಲ್ಪ ನೋಡಬೇಕು. ಅಲ್ನಿಕೊ ಅಯಸ್ಕಾಂತ, ಬಟ್ಟೆ ಹೊದಿಸಿದ ತಂತಿ, ಹಳೆಯ ಬಗೆಯ ಕೆಪ್ಯಾಸಿಟರು, ಇವುಗಳ ಪಟ್ಟಿಯೇ ಒಂದು ಸಹಸ್ರನಾಮ. ಬಟ್ಟೆಯ ಹೊದಿಕೆಯಿಂದ ನಾದಕ್ಕೆ ಏನೂ ಆಗದು. ಕೆಪ್ಯಾಸಿಟರಿನಲ್ಲಿ ಮುಖ್ಯವಾದುದು ಪ್ರಮಾಣ, ವಯಸ್ಸಲ್ಲ. ಸುರುಳಿಯ ಸುತ್ತುಗಳ ಸಂಖ್ಯೆ ಮಾತ್ರ ನಿಜವಾಗಿ ಗಣನೀಯ: ಸುತ್ತು ಹೆಚ್ಚಿದಂತೆ ಶಬ್ದ ಪ್ರಬಲವಾಗುತ್ತದೆ, ಆದರೆ ತಾರದ ಹೊಳಪು ಕುಗ್ಗುತ್ತದೆ. ಬ್ಯಾಡಗಿಯ ಪೇಟೆಯಲ್ಲಿ ಈ ವಿವೇಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಅಲ್ಲಿಯ ಮೆಣಸಿನಕಾಯಿಯನ್ನು ಕೊಳ್ಳುವವರು ಖಾರವನ್ನು ಒಂದು ಗುಣವೆಂದೂ ಬಣ್ಣವನ್ನು ಇನ್ನೊಂದು ಗುಣವೆಂದೂ ಬೇರೆ ಬೇರೆಯಾಗಿ ನೋಡುತ್ತಾರೆ. ಕಡ್ಡಿ ಯಾವುದು ಡಬ್ಬಿ ಯಾವುದು ಎಂದು ಕಣ್ಣಿನಿಂದಲೇ ತಿಳಿಯುತ್ತಾರೆ. ಖಾರ ಕಡಿಮೆಯೆಂದು ಆ ಕಾಯಿಯನ್ನು ಯಾರೂ ಹೀಗಳೆಯುವುದಿಲ್ಲ. ಗಿಟಾರಿನ ವಿಮರ್ಶಕರು ಮಾತ್ರ ‘ಪ್ರಬಲ ಪಿಕ್‌ಅಪ್’ ಎಂಬುದನ್ನು ‘ಒಳ್ಳೆಯ ಪಿಕ್‌ಅಪ್’ ಎಂಬುದಕ್ಕೆ ಪರ್ಯಾಯವಾಗಿ ಬಳಸುತ್ತಿರುವುದು ಶೋಚನೀಯ.

ಮೇಲಾಗಿ ತಂತಿಯ ವಿಷಯವಿದೆ. ಐವತ್ತರ ದಶಕದ ಬೇಸುಗಳು ಬರುತ್ತಿದ್ದುದು ಚಪ್ಪಟೆ ಪಟ್ಟಿ ಸುತ್ತಿದ ನುಣುಪಾದ ತಂತಿಗಳೊಡನೆ. ಅಲ್ಲದೆ ಕುದುರೆಯ ಮೇಲಿನ ಮುಚ್ಚಳದೊಳಗೆ ಮೆತ್ತನೆಯ ತುಂಡೊಂದನ್ನು ಅಂಟಿಸಿ ನಾದದ ಬಾಲವನ್ನು ಕತ್ತರಿಸಲಾಗುತ್ತಿತ್ತು. ಗುಂಡುತಂತಿ ಸುತ್ತಿದ ಹೊಳಪಿನ ತಂತಿಗಳು ರೂಢಿಗೆ ಬಂದದ್ದು ಅರವತ್ತರ ದಶಕದಲ್ಲಿ. ಹಳೆಯ ನಾದವನ್ನು ಬಯಸಿ ಹಳೆಯ ಮಾದರಿಯ ಪಿಕ್‌ಅಪ್ಪನ್ನು ಕೊಂಡು, ಮೇಲೆ ಹೊಸ ಗುಂಡುತಂತಿಗಳನ್ನು ಹೂಡುವವನು ಜವಾರಿ ಜೋಳವನ್ನು ತಂದು ಮೈದಾದೊಡನೆ ಕಲಸಿ ರೊಟ್ಟಿ ತಟ್ಟುವವನಂತೆ. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ಪ್ರಿಸಿಷನ್ನನ್ನು ಅಮರಗೊಳಿಸಿದ ಜೇಮ್ಸ್ ಜೇಮರ್‌ಸನ್ (1936–1983) ಚಪ್ಪಟೆ ತಂತಿಗಳನ್ನು ಬದಲಿಸದೆ ವರ್ಷಗಟ್ಟಲೆ ಹಾಗೆಯೇ ಇಟ್ಟುಕೊಂಡು, ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದನೆಂಬುದು ಪ್ರಸಿದ್ಧ. ಆ ನಾದದಲ್ಲಿ ಪಿಕ್‌ಅಪ್ಪಿನ ಪಾಲೆಷ್ಟು, ಬೆರಳಿನ ಪಾಲೆಷ್ಟು? ಬೆರಳಿನದೇ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಮೀಟುವ ಸ್ಥಾನವೂ ಆಲಿಸುವ ಸ್ಥಾನದಂತೆಯೇ ಅಂಶಸ್ವರಗಳನ್ನು ಆರಿಸುತ್ತದೆ. ತಂಬೂರಿ ಮೀಟುವವರು ಬೆರಳನ್ನು ಕುದುರೆಯಿಂದ ದೂರ ತಂತಿಯ ನಡುವಿಗೆ ಒಯ್ಯುವುದೇತಕ್ಕೆ ಎಂಬುದನ್ನು ನೆನೆದರೆ ಸಾಕು.

ಈಗಾಗಲೇ ಜಾಝ್ ಬೇಸನ್ನು ಕೊಂಡಿರುವ ರಾಣೇಬೆನ್ನೂರಿನ ತರುಣನು ಏನು ಮಾಡಬೇಕು? ಮತ್ತೊಂದು ವಾದ್ಯಕ್ಕೆ ಹಣ ಹೊಂದಿಸಬೇಕೆ? ಬೇಕಾಗಿಲ್ಲ. ಅದರ ಮುಂದಿನ ಪಿಕ್‌ಅಪ್ಪು ಕುಳಿತಿರುವುದು ಪ್ರಿಸಿಷನ್ನಿನದು ಕುಳಿತಿರುವ ನೆರೆಯಲ್ಲಿಯೇ. ಹಿಂದಿನದನ್ನು ಮುಚ್ಚಿಬಿಟ್ಟರೆ ಅಳಿಸಿಹೋಗಿದ್ದ ಎಂಟನೆಯದು ಒಂಬತ್ತನೆಯದು ಮರಳಿ ಬರುತ್ತವೆ. ಎರಡೂ ವಾದ್ಯಗಳ ನಾದ ಆಗ ತೀರ ಸಮೀಪಿಸುತ್ತದೆ. ಸಂಪೂರ್ಣ ಒಂದಾಗದಿದ್ದರೂ ಬಯಲಿನ ಅಂಚಿನ ಕಿವಿಗೆ ಆ ಶೇಷಭೇದ ತಿಳಿಯುವಂಥದಲ್ಲ.

ಆದರೆ ಇಲ್ಲಿ ಒಂದು ತೊಡಕುಂಟು, ಅದು ನಮ್ಮ ದೇಶದ ವಿದ್ಯುತ್ತಿನ ತೊಡಕು. ಪ್ರಿಸಿಷನ್ನಿನ ಎರಡು ತುಂಡುಗಳು ಪರಸ್ಪರ ವಿರುದ್ಧವಾಗಿ ಸುತ್ತಲ್ಪಟ್ಟಿರುವುದರಿಂದ ಹೊರಗಿನ ವಿದ್ಯುತ್ತಿನ ಗುಂಯ್‌ಗುಡುವಿಕೆ ಅದರಲ್ಲಿ ತಾನಾಗಿ ರದ್ದಾಗುತ್ತದೆ. ಜಾಝಿನಲ್ಲಿ ಈ ಅನುಕೂಲ ದೊರೆಯುವುದು ಎರಡನ್ನೂ ಸಮವಾಗಿ ತೆರೆದಾಗ ಮಾತ್ರ. ಒಂದನ್ನು ಮುಚ್ಚಿದರೆ ಗುಂಯ್‌ಕಾರ ಬಂದೇ ಬರುತ್ತದೆ. ಅಮೇರಿಕೆಯಲ್ಲಿ ಅದು 60 ಕಂಪನಗಳದು, ಯಾವ ಸ್ವರಕ್ಕೂ ಸರಿಯಾಗಿ ಸೇರದೆ ಎರಡು ಮನೆಗಳ ನಡುವೆ ಬೀಳುತ್ತದೆ. ನಮ್ಮಲ್ಲಿ 50. ಬೇಸಿನ ಕೆಳಗಿನ ತಂತಿಯ ಮೂರನೆಯ ಮನೆಯ ಸ್ವರ 49. ಜನರೇಟರು ಹತ್ತಿರವಿದ್ದು, ಬಣ್ಣದ ದೀಪಗಳ ಡಿಮ್ಮರುಗಳು ಒಂದೇ ವೈರಿನ ಮೇಲಿದ್ದರೆ, ಆ ಸ್ವರವನ್ನು ಹಿಡಿದು ನಿಲ್ಲಿಸಿದಾಗ ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ತೊನೆದಾಟ ಕೇಳಿಬರುತ್ತದೆ. ಗಾಯಕನು ಶ್ರುತಿ ತಪ್ಪಿತೆಂದು ವಾದಕನತ್ತ ಹೊರಳಿ ನೋಡುತ್ತಾನೆ. ಹಿಂದಿನ ಪಿಕ್‌ಅಪ್ಪನ್ನು ಪೂರ್ತಿಯಾಗಿ ಮುಚ್ಚದೆ ಮೂರನೆಯ ಒಂದು ಪಾಲಿನಷ್ಟು ತೆರೆದಿಡುವುದು ಇದಕ್ಕೆ ಅರ್ಧ ಪರಿಹಾರ. ಗುಂಯ್‌ಕಾರ ಕೆಲಮಟ್ಟಿಗೆ ಅಡಗುತ್ತದೆ, ಅಂಶಸ್ವರಗಳೂ ಬಹುಪಾಲು ಉಳಿಯುತ್ತವೆ. ಉಳಿದ ಅರ್ಧವು ಗಿಟಾರಿನದಲ್ಲ, ದೀಪದ ವೈರನ್ನೂ ಧ್ವನಿಯ ವೈರನ್ನೂ ಬೇರೆ ಬೇರೆ ದಾರಿಯಲ್ಲಿ ಎಳೆಯಬೇಕಾದ ಪೆಂಡಾಲಿನವರದು.