ಕೌದಿಯ ಬೆನ್ನು

ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಕೌದಿಗಳ ಪ್ರದರ್ಶನ. ಉದ್ಘಾಟನೆಗೆ ನಮ್ಮವ್ವನನ್ನೂ ಕರೆದುಕೊಂಡು ಹೋಗಿದ್ದೆ. ದೀಪ ಹಚ್ಚಿದರು, ಶಾಲು ಹೊದಿಸಿದರು. ವಿಮರ್ಶಕರೊಬ್ಬರು ಬಣ್ಣಗಳ ಲಯ, ಅಮೂರ್ತತೆ, ಅನಾಮಿಕ ಜನಪದ ಪ್ರತಿಭೆ ಎಂದೆಲ್ಲ ಅರ್ಧ ಗಂಟೆ ಮಾತಾಡಿದರು. ಕಾಫಿ ಬಂತು. ಅವ್ವ ಒಂದು ಕೌದಿಯ ಮುಂದೆ ನಿಂತು, "ಇದನ್ಯಾಕ ಗ್ವಾಡಿಗೆ ಹಾಕ್ಯಾರೋ ತಮ್ಮಾ, ಒಣಗಾಕ?" ಅಂದಳು. ಆಮೇಲೆ ಅಂಚು ಹಿಡಿದು ತಿರುವಿ ಅದರ ಬೆನ್ನು ನೋಡಲು ಹೋದಳು. ಕಾವಲಿನ ಹುಡುಗ ಓಡಿಬಂದು ಗೋಡೆಯ ಚೀಟಿ ತೋರಿಸಿದ. 'ದಯವಿಟ್ಟು ಮುಟ್ಟಬೇಡಿ.'

ಅವ್ವನಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳಬೇಕಾಯ್ತು. ಅವಳು ಕೈ ಹಿಂದಕ್ಕೆಳೆದುಕೊಂಡ ರೀತಿ ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇ. ಬಟ್ಟೆ ಮಾಸಬಾರದೆಂದು ಹಾಕಿದ ಚೀಟಿ ಅದು, ಜಾತಿಯ ಚೀಟಿಯಲ್ಲ, ನನಗೂ ಗೊತ್ತು. ಆದರೆ ಜೀವಮಾನವಿಡೀ ಆ ಒಂದೇ ಮಾತು ಕೇಳಿದ ಕೈಗೆ ಈ ವ್ಯತ್ಯಾಸ ಹೇಳುವುದು ಹೇಗೆ?

ಹಳೆಯ ಸೀರೆ, ಧೋತರ, ಹರಿದ ಅಂಗಿ ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿಯುತ್ತ ಹೋದರೆ ಕೌದಿ. ಅವ್ವ ಗೌಡರ ಮನೆಗೂ ಹೊಲಿಯುತ್ತಿದ್ದಳು. ಅಂಗಳದ ಬೇವಿನ ಮರದ ಕೆಳಗೆ ಕೂತು, ವಾರಗಟ್ಟಲೆ ತೊಡೆಯ ಮೇಲೆ ಹಾಕಿಕೊಂಡು. ಕೂಲಿ ಜೋಳ. ಮುಗಿದ ಮೇಲೆ ಗೌಡತಿ ನೀರು ಚಿಮುಕಿಸಿಯೇ ಅದನ್ನು ಒಳಗೆ ಒಯ್ಯುತ್ತಿದ್ದಳು. ಕೌದಿಯ ಹೊಟ್ಟೆ ಬರಿದಾಗಿರಬಾರದು ಅಂತ ಅವ್ವ ಕೊನೆಯ ಸಾಲು ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು. ನಮ್ಮ ಕೇರಿಯ ರೊಟ್ಟಿ! ನೀರು ಬಿದ್ದದ್ದು ಮೇಲೆ. ಗೌಡರ ಮನೆಮಂದಿಯೆಲ್ಲ ಆ ರೊಟ್ಟಿಯ ಮೇಲೆ ಮಲಗಿ ಎದ್ದರು. ಇದನ್ನು ಹೇಳುವಾಗ ಅವ್ವ ಈಗಲೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ.

ಗ್ಯಾಲರಿಯ ಚೀಟಿಗಳಲ್ಲಿ 'ಕೌದಿ, ಉತ್ತರ ಕರ್ನಾಟಕ, ಹತ್ತಿ ಬಟ್ಟೆ' ಎಂದಿತ್ತು. ಸಂಗ್ರಹಿಸಿದವರ ಹೆಸರಿತ್ತು. ಹೊಲಿದವಳದು ಇರಲಿಲ್ಲ. ಅನಾಮಿಕ ಪ್ರತಿಭೆಯಂತೆ! ಅವಳಿಗೆ ಹೆಸರಿಲ್ಲದೆ ಅಲ್ಲ, ಇವರು ಕೇಳಲಿಲ್ಲ ಅಷ್ಟೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಅಲ್ಲಿ ದಾಖಲೆಯಾದದ್ದು ವಸ್ತುಗಳ ಎಣಿಕೆ.

ಹೆಸರು ಹಾಕಿದರೆ ಸಾಕೇ? ಹಾಗೆ ಹಾಕಿದ ಉದಾಹರಣೆಯೂ ಇದೆ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಊರು, ಗುಲಾಮರ ಮೊಮ್ಮಕ್ಕಳು ಮರಿಮಕ್ಕಳ ಊರು. ಹೊಲದಲ್ಲಿ ದುಡಿದು ಸವೆದ ಬಟ್ಟೆಯಿಂದಲೇ ಅಲ್ಲಿಯ ಹೆಂಗಸರು ಕೌದಿ ಹೊಲಿದರು. ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಬರೆಸಲು ಹೊಳೆ ದಾಟಿ ಪಟ್ಟಣಕ್ಕೆ ಹೋಗತೊಡಗಿದ ಕಾಲದಲ್ಲಿ, 1962ರಲ್ಲಿ, ಅವರ ದೋಣಿ ನಿಂತುಹೋಯಿತು. ಮತ್ತೆ ಹೊರಟದ್ದು 2006ರಲ್ಲಿ! ಆ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಮ್ಮಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿ ಗೋಡೆ ಏರಿದವು, ಹೊಲಿದವರ ಹೆಸರಿನೊಂದಿಗೆ. ಇದು ದೊಡ್ಡದು, ಅಲ್ಲಗಳೆಯಲಾರೆ. ಆದರೆ ವಿಮರ್ಶಕರು ಆಧುನಿಕ ಚಿತ್ರಕಾರರ ಪಕ್ಕ ನಿಲ್ಲಿಸಿ ಹೊಗಳಿದರು. ಆ ಚಿತ್ರಕಾರರ ಹಾಗಿದೆ ಎಂದರೇನೇ ಇದು ಕಲೆಯೇನು? ಹಣ, ಹಕ್ಕುಗಳ ವಿಚಾರದಲ್ಲಿ ಕೆಲವು ಹೆಂಗಸರು 2007ರಲ್ಲಿ ಕೋರ್ಟಿಗೆ ಹೋದರು, 2008ರಲ್ಲಿ ರಾಜಿಯಾಯಿತು. ಚೀಟಿಯ ಮೇಲೆ ಹೆಸರು ಬಂದ ಮೇಲೂ ಲೆಕ್ಕ ಕೇಳುವುದು ಬಾಕಿ ಇತ್ತು.

ನಮ್ಮ ಪುಸ್ತಕ ಬಿಡುಗಡೆಗಳೂ ಬೇರೆಯಲ್ಲ. ದಲಿತ ಕವಿಯ ಸಂಕಲನ ಬಂದರೆ ವೇದಿಕೆಯ ಮೇಲಿನವರು 'ಹಸಿ ಅನುಭವ' ಅನ್ನುತ್ತಾರೆ, ಇಲ್ಲವೇ ಎಲಿಯಟ್ಟನ ಹತ್ತಿರ ಕರೆದೊಯ್ದು ಕೂರಿಸುತ್ತಾರೆ. ಯಾವ ಸಾಲು ಸಡಿಲ, ಯಾವುದು ಗಟ್ಟಿ ಎಂದು ಹೇಳುವವರಿಲ್ಲ. ಎಲ್ಲವೂ ಅದ್ಭುತ! ಈ ಹೊಗಳಿಕೆ ಕವಿತೆಯನ್ನು ದೂರದಿಂದಲೇ ನೋಡಿ ಕೈ ಮುಗಿಯುವ ಹೊಗಳಿಕೆ. ದಲಿತ ವಿಮರ್ಶೆ ಅಂತ ನಾವು ಮಾಡುತ್ತಿರುವುದರಲ್ಲೂ ಇದು ಇದೆ, ನಾನೂ ಮಾಡಿದ್ದೇನೆ. ಕೌದಿಯ ಮಾನದಂಡ ಅದನ್ನು ಹೊಲಿದವರ ಹತ್ತಿರ ಇದೆ: ಹೊಲಿಗೆ ಎಷ್ಟು ಒತ್ತಾಗಿದೆ, ಗಂಟು ಎಲ್ಲಿ ಅಡಗಿದೆ, ತೂಕ ಎಷ್ಟು, ಎಷ್ಟು ಒಗೆತ ತಾಳುತ್ತದೆ. ಇದೆಲ್ಲ ತಿಳಿಯಲು ಮುಟ್ಟಬೇಕು, ತಿರುವಬೇಕು. ಬೆನ್ನನ್ನು ಗೋಡೆಗೆ ಒತ್ತಿ ಮುಖವನ್ನಷ್ಟೇ ತೋರಿಸಿದರೆ ಹೊಲಿದವಳ ವಿಮರ್ಶೆಯೇ ಹೊರಗೆ ಉಳಿಯುತ್ತದೆ.

ಬಸ್ಸಿನಲ್ಲಿ ಕೇಳಿದೆ, "ಹೆಂಗಿತ್ತಬೇ?"

"ಮೊದಲಿಂದು ಹೊಲಿಗಿ ದೂರದೂರ ಐತಿ. ಒಗದ್ರ ಎರಡ ವರ್ಷ ಬಾಳಂಗಿಲ್ಲ. ಅದಕ್ಕ ಎಲ್ಲಾರೂ ಚಪ್ಪಾಳಿ ಹೊಡದ್ರು."

"ಮೂಲ್ಯಾಗಿಂದು? ಕೆಂಪಂದು?"

"ಅದು ಚಲೋ ಇತ್ತೇನೋ. ಹಿಂದ ನೋಡಾಕ ಬಿಡಲಿಲ್ಲಲ್ಲ, ಹೆಂಗ ಹೇಳ್ಲಿ?"