ಬೆಟ್ಟ ದಾಟಿ ಬಂದ ದ್ರಾಕ್ಷಿ

ಡಿಕ್ಯಾಂಟರ್‌ಗೆ ಸುರಿದ ವೈನನ್ನು ಎಷ್ಟು ಹೊತ್ತು ಗಾಳಿಗೆ ಬಿಡಬೇಕು ಎಂಬ ಚರ್ಚೆಯನ್ನು ಈ ವಾರ ಮುಗಿಸಬೇಕಿತ್ತು. ಉದಾಹರಣೆಗೆಂದು ಲೆಬನಾನಿನ ಶಾತೊ ಮುಸಾರ್ ನೆನಪಾದದ್ದೇ ತಡ, ಚರ್ಚೆ ಹಿಂದೆ ಸರಿಯಿತು. ಅದನ್ನು ತಯಾರಿಸುವ ಹೊಷಾರ್ ಮನೆತನದ ಕತೆ ಕೈಯಲ್ಲಿರುವಾಗ ಗಾಜಿನ ಪಾತ್ರೆ ಮುಂದಿನ ವಾರದವರೆಗೂ ಕಾಯಬಹುದು.

1930ರಲ್ಲಿ ಗಾಸ್ಟನ್ ಹೊಷಾರ್ ಬೈರೂತಿನ ಉತ್ತರಕ್ಕಿರುವ ಘಜೀರ್‌ನ ಹಳೆಯ ಕೋಟೆಮನೆಯೊಂದರಲ್ಲಿ ವೈನ್ ತಯಾರಿಕೆ ಶುರುಮಾಡಿದರು. ದ್ರಾಕ್ಷಿ ತೋಟ ಇದ್ದದ್ದು ಬೆಟ್ಟಸಾಲಿನ ಆಚೆ, ಸುಮಾರು 1,000 ಮೀಟರ್ ಎತ್ತರದ ಬೆಕಾ ಕಣಿವೆಯಲ್ಲಿ. ಹಾಗಾಗಿ ಪ್ರತಿ ಕೊಯ್ಲಿನಲ್ಲೂ ಗೊಂಚಲುಗಳು ಲಾರಿಯೇರಿ ಬೆಟ್ಟ ದಾಟಬೇಕು. ಈ ಮನೆತನದ ಅರ್ಧ ಚರಿತ್ರೆ ನಡೆದಿರುವುದು ಆ ರಸ್ತೆಯ ಮೇಲೆಯೇ.

ಹಿರಿಯ ಮಗ ಸೆರ್ಜ್ ಸಿವಿಲ್ ಎಂಜಿನಿಯರಿಂಗ್ ಓದಿದವರು. ಆಮೇಲೆ ಬೋರ್ದೋಗೆ ಹೋಗಿ ಎಮಿಲ್ ಪೆಯ್ನೋ ಅವರ ಬಳಿ ವೈನ್ ವಿದ್ಯೆ ಕಲಿತರು. 1959ರಲ್ಲಿ ತಂದೆಯ ಮುಂದೆ ನಿಂತು, ವೈನನ್ನು ನನ್ನ ರೀತಿಯಲ್ಲೇ ಮಾಡುತ್ತೇನೆ, ನೀವು ಬಿಟ್ಟುಕೊಡಿ ಎಂದರು. ತಂದೆ ಬಿಟ್ಟುಕೊಟ್ಟರು. ಎಷ್ಟೋ ಮನೆತನಗಳ ವೈನ್ ಕೆಡುವುದು ಈ ಒಂದು ಗಳಿಗೆಯಲ್ಲಿ. ಗಾಸ್ಟನ್ ಅವರ ದೊಡ್ಡತನಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

1975ರಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. 1976ರಲ್ಲಿ ವೈನೇ ಆಗಲಿಲ್ಲ. 1984ರಲ್ಲಿ ರಸ್ತೆಗಳು ಮುಚ್ಚಿ, ಲಾರಿಗಳು ಊರೂರು ಸುತ್ತಿ ದಿನಗಟ್ಟಲೆ ತಡವಾಗಿ ಬಂದವು. ಹಣ್ಣು ದಾರಿಯಲ್ಲೇ ಹುದುಗಲು ತೊಡಗಿತ್ತು. ನೆಲಮಾಳಿಗೆ ಊರವರಿಗೆ ಬಾಂಬಿನಿಂದ ಆಸರೆಯಾಯಿತು. ಬೈರೂತಿನ ಮನೆಯ ಸುತ್ತ ಶೆಲ್ ಬೀಳುತ್ತಿದ್ದ ಒಂದು ದಿನ ಸೆರ್ಜ್ ಓಡಿಹೋಗದೆ, 1972ರ ಬಾಟಲಿಯೊಂದನ್ನು ತೆಗೆದು ಇಡಿಯಾಗಿ ದೊಡ್ಡ ಗ್ಲಾಸಿಗೆ ಸುರಿದುಕೊಂಡು ಕೂತರು. ಗಂಟೆಗಂಟೆಗೂ ರುಚಿ ಹೇಗೆ ಬದಲಾಗುತ್ತದೆಂದು ಗಮನಿಸುತ್ತಾ ಗುಟುಕು ಗುಟುಕಾಗಿ ಕುಡಿದರು. ಗಾಳಿಗೆ ಬಿಟ್ಟ ವೈನಿನ ಬಗ್ಗೆ ಅದಕ್ಕಿಂತ ಏಕಾಗ್ರವಾದ ಅಭ್ಯಾಸವನ್ನು ಯಾರೂ ನಡೆಸಿರಲಾರರು.

ಯುದ್ಧದಲ್ಲಿ ಸ್ವದೇಶದ ಗಿರಾಕಿಗಳು ಕೈತಪ್ಪಿದ್ದರಿಂದ ಬಾಟಲಿಗಳು ಇಂಗ್ಲೆಂಡಿಗೆ ಹೊರಟವು. 1979ರ ಬ್ರಿಸ್ಟಲ್ ವೈನ್ ಮೇಳದಲ್ಲಿ 1967ರ ಮುಸಾರ್ ಕುಡಿದ ವೈನ್ ವಿಮರ್ಶಕ ಮೈಕೇಲ್ ಬ್ರಾಡ್‌ಬೆಂಟ್ ಅದನ್ನು ಮನಸಾರೆ ಹೊಗಳಿದರು. 1984ರಲ್ಲಿ, ಲಾರಿಗಳು ದಾರಿ ಕಾಣದೆ ಅಲೆದ ಅದೇ ವರ್ಷ, ‘ಡಿಕ್ಯಾಂಟರ್’ ಪತ್ರಿಕೆ ಸೆರ್ಜ್ ಅವರನ್ನು ತನ್ನ ಮೊದಲ ‘ವರ್ಷದ ವ್ಯಕ್ತಿ’ಯಾಗಿ ಆರಿಸಿತು.

ಇಷ್ಟಾದರೂ ಪ್ರಯೋಗಾಲಯದ ಪಂಥದವರ ದೂರು ನಿಂತಿಲ್ಲ. ಮುಸಾರ್‌ನಲ್ಲಿ ವೊಲಟೈಲ್ ಆಸಿಡಿಟಿ (ಆವಿಯಾಗುವ ಹುಳಿ) ಜಾಸ್ತಿ, ಬಾಟಲಿಯಿಂದ ಬಾಟಲಿಗೆ ರುಚಿ ಬೇರೆ, ಇದು ದೋಷ ಎನ್ನುತ್ತಾರೆ. ಮೂಗಿಗೆ ವಿನೆಗರ್‌ನ ಸಣ್ಣ ಎಳೆ ತಾಗುವುದು ನಿಜ. ಆದರೆ ಅದರ ಹಿಂದೆಯೇ ಒಣ ಅಂಜೂರ, ಚರ್ಮ, ಬಿಸಿಲಿಗೆ ಕಾದ ಮಣ್ಣು ಒಂದೊಂದಾಗಿ ಎದ್ದು ಬರುತ್ತವೆ. ಆ ಎಳೆಯನ್ನು ಕಿತ್ತುಹಾಕಿದರೆ ಉಳಿದವೂ ಮಂಕಾಗುತ್ತವೆ. ಹೊಸ ಓಕ್ ಪೀಪಾಯಿಯ ವೆನಿಲಾ ಬಳಿದು, ಎಲ್ಲ ವರ್ಷಗಳನ್ನೂ ಒಂದೇ ಅಚ್ಚಿಗೆ ಹೊಯ್ದು, ನೂರಕ್ಕೆ ತೊಂಬತ್ತೈದು ಅಂಕ ಗಿಟ್ಟಿಸುವ ವೈನುಗಳಿಗಿಂತ ಇದು ಪ್ರಾಮಾಣಿಕ. ಕ್ಯಾಬರ್ನೆ ಸೋವಿನ್ಯೋಂ, ಸ್ಯಾನ್ಸೋ, ಕ್ಯಾರಿನ್ಯಾನ್ ಮೂರನ್ನೂ ಬೇರೆ ಬೇರೆ ಹುದುಗಿಸಿ, ಆಮೇಲೆ ಬೆರೆಸಿ, ಕೊಯ್ಲಾಗಿ ಏಳು ವರ್ಷದ ಮೇಲೆಯೇ ಮಾರುವವರು ಅಂಕಕ್ಕಾಗಿ ವೈನ್ ಮಾಡುವುದಿಲ್ಲ.

ಸೆರ್ಜ್ 2014ರ ಕೊನೆಯ ದಿನ ಮೆಕ್ಸಿಕೊದಲ್ಲಿ ಈಜಲು ಹೋದಾಗ ತೀರಿಕೊಂಡರು. ಈಗ ಹೊಣೆ ಮುಂದಿನ ತಲೆಮಾರಿನದು. ಅಜ್ಜನ ಹೆಸರನ್ನೇ ಹೊತ್ತ ಮಗ ಗಾಸ್ಟನ್ ಆ ಕೆಲಸದಲ್ಲಿದ್ದಾರೆ. ಲಾರಿಗಳೂ ಬೆಟ್ಟ ದಾಟುತ್ತಲೇ ಇವೆ.

ಹೊರದೇಶದಿಂದ ಬರುವ ನೆಂಟರ ಕೈಲಿ ಮುಸಾರ್ ತರಿಸುವ ಓದುಗರು ಒಂದರ ಬದಲು ಎರಡು ಬೇರೆ ಬೇರೆ ವರ್ಷದ ಬಾಟಲಿ ಹೇಳಲಿ. ಅಡಿಯ ಗಸಿ ಕೂರಲು ಒಂದು ದಿನ ನೆಟ್ಟಗೆ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ತೆಗೆದು, ಕುರಿ ಮಾಂಸದ ಊಟದ ಜೊತೆ ಇಡೀ ಸಂಜೆ ಹೋಲಿಸಿ ನೋಡಬೇಕು.