ಓಡಬಾರದೆಂದು ಕಡಿದ ಮೆಟ್ಟಿಲು

ಬಾದಾಮಿಯ ಉತ್ತರ ಕೋಟೆಗೆ ಹತ್ತುವ ದಾರಿ ಓಡಿ ಬರುವವರನ್ನು ತಡೆಯಲಿಕ್ಕೆಂದೇ ಮಾಡಿದ್ದು. ವಸ್ತುಸಂಗ್ರಹಾಲಯದ ಪಕ್ಕ ಒಳಹೊಕ್ಕರೆ ಎರಡೂ ಕಡೆ ಕೆಂಪು ಮರಳುಗಲ್ಲಿನ ಗೋಡೆ. ನಡುವಿನ ಸೀಳಿನಲ್ಲಿ ಬಾಗಿಲು, ತಿರುವು, ಮೊಣಕಾಲೆತ್ತರದ ಮೆಟ್ಟಿಲು. ಒಬ್ಬರ ಹಿಂದೊಬ್ಬರು ಬರಬೇಕು, ಏದುಸಿರು ಬಿಡುತ್ತ ಬರಬೇಕು, ಮೇಲೆ ನಿಂತವನ ಕಣ್ಣಿಗೆ ಬೀಳುವಂತೆ ಬರಬೇಕು. ಚಾಲುಕ್ಯ ದೊರೆ ಒಂದನೇ ಪುಲಿಕೇಶಿ ಈ ಗುಡ್ಡವನ್ನು ಕೋಟೆಯಾಗಿಸಿದ್ದನ್ನು 543ರ ಬಂಡೆಶಾಸನ ಹೇಳುತ್ತದೆ. ಆಮೇಲೆ ಬಂದವರು ಗೋಡೆ ಎತ್ತರಿಸಿದರು, ಬುರುಜು ಸೇರಿಸಿದರು. ಉದ್ದೇಶ ಮಾತ್ರ ಬದಲಾಗಲಿಲ್ಲ. ಈಗ ಟ್ರೇಲ್ ಓಟದ ಗೀಳು ಹತ್ತಿದವರು ಬಾದಾಮಿಗೆ ಬಂದರೆ ಮೊದಲು ನುಗ್ಗುವುದು ಇಲ್ಲಿಗೇ. ಕೆರೆಯ ದಂಡೆಗುಂಟ ಓಡಿ, ಕೋಟೆ ಹತ್ತಿ, ಮೇಲಿನ ಶಿವಾಲಯದ ಮುಂದೆ ಕೈಗಡಿಯಾರ ನಿಲ್ಲಿಸಿ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಓಟ ಚೆನ್ನಾಗಿರುವುದಿಲ್ಲ.

ಡಾಂಬರು ಬಿಟ್ಟು ಕಾಲುದಾರಿಯಲ್ಲಿ ಓಡುವುದೇ ಟ್ರೇಲ್ ಓಟ. ಆದರೆ ಆ ಕಾಲುದಾರಿಯನ್ನು ಸಾಮಾನ್ಯವಾಗಿ ಓಟಗಾರ ಮಾಡಿರುವುದಿಲ್ಲ. 1974ರಲ್ಲಿ ಕ್ಯಾಲಿಫೋರ್ನಿಯಾದ ಗಾರ್ಡಿ ಐನ್ಸ್‌ಲೀ ಎಂಬಾತ ನೂರು ಮೈಲಿಯ ಕುದುರೆ ಪಂದ್ಯದಲ್ಲಿ ಕುದುರೆಯಿಲ್ಲದೆ ಓಡಿ, 24 ಗಂಟೆಯೊಳಗೆ ಗುರಿ ಮುಟ್ಟಿದ. ಅಮೆರಿಕದ ನೂರು ಮೈಲಿ ಓಟಗಳ ಕಥೆ ಶುರುವಾಗುವುದು ಹೀಗೆ, ಕುದುರೆಗಳ ಹಾದಿಯಿಂದ. 2003ರಲ್ಲಿ ಆರಂಭವಾದ ಮಾಂಟ್ ಬ್ಲಾಂಕ್ ಓಟ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡುಗಳನ್ನು ಹಾದು ಪರ್ವತವನ್ನು ಸುತ್ತುವ ಚಾರಣಿಗರ ಹಾದಿಯನ್ನು ಹಿಡಿಯಿತು. ನಮ್ಮಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನಿಗೆ ಶ್ರೀರಂಗಪಟ್ಟಣದ ಕಾಲುವೆ ದಂಡೆ ಸಿಕ್ಕಿತು, ಮಲ್ನಾಡ್ ಅಲ್ಟ್ರಾಗೆ ಚಿಕ್ಕಮಗಳೂರಿನ ಕಾಫಿ ತೋಟದ ಜೀಪು ರಸ್ತೆ. ದಂಡೆ ಸಪಾಟು, ತೋಟಕ್ಕೆ ನೆರಳು. ಯಾರ ಕಾಲಿಗಾಗಿ ಆದ ದಾರಿ, ಯಾವ ವೇಗಕ್ಕಾಗಿ ಆದ ದಾರಿ ಎಂದು ಮೊದಲು ಕೇಳಿಕೊಳ್ಳದ ಓಟಗಾರ ಎಂಥ ಬೂಟು ಹಾಕಿದ್ದರೂ ಪರಸ್ಥಳದವನೇ. ಬಾದಾಮಿಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಇಲ್ಲಿ ಕಾಲಡಿ ಮಣ್ಣು ಕಡಿಮೆ, ತಲೆಯ ಮೇಲೆ ನೆರಳು ಇಲ್ಲವೇ ಇಲ್ಲ.

ಇಲ್ಲಿರುವುದು ಮರಳುಗಲ್ಲು. ಒಣಗಿದ ಬಂಡೆ ಬೂಟಿನ ಅಡಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬಂಡೆ ಹತ್ತುವ ಆಟದವರು ದೇಶದೇಶಗಳಿಂದ ಬಾದಾಮಿಗೆ ಬರುವುದು ಇದೇ ಹಿಡಿತಕ್ಕಾಗಿ. ಆದರೆ ಅದೇ ಕಲ್ಲು ಸವೆದು ಉದುರಿಸಿದ ಕಾಳು ಚಪ್ಪಡಿಯ ಮೇಲೆ ಹರಡಿದ್ದರೆ, ನೆಲದ ಮೇಲೆ ನವಣಿ ಚೆಲ್ಲಿದಂತೆ ಕಾಲು ಜಾರುತ್ತದೆ. ಮಳೆ ಬಿದ್ದ ಮೇಲೆ ಕಲ್ಲಿನ ಬಲವೇ ತಗ್ಗುತ್ತದೆ, ಅಂಚುಗಳು ಮುರಿಯುತ್ತವೆ. ತಿಳಿದ ಹತ್ತುಗರು ಅದು ಒಣಗುವ ತನಕ ಮುಟ್ಟುವುದಿಲ್ಲ. ಓಟಗಾರರಿಗೆ ಈ ಸಂಯಮ ಇನ್ನೂ ಬಂದಿಲ್ಲ. ಇನ್ನು ಇಳಿಜಾರು. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ಪೆಟ್ಟು ತಿನ್ನುವುದು ತೊಡೆಯ ಮುಂಭಾಗ: ದೇಹದ ಭಾರ ತಡೆಯುತ್ತಲೇ ಆ ಸ್ನಾಯು ಹಿಗ್ಗಬೇಕಾಗುತ್ತದೆ, ಅದಕ್ಕೇ ಮರುದಿನ ಮೆಟ್ಟಿಲು ಇಳಿಯಲಾಗದ ನೋವು. ಕೋಟೆಯ ಮೆಟ್ಟಿಲಿನಲ್ಲಿ ಈ ಪೆಟ್ಟು ಒಂದೊಂದು ಹೆಜ್ಜೆಗೂ ಬೇರೆ ಬೇರೆ ಅಳತೆಯಲ್ಲಿ ಬೀಳುತ್ತದೆ. ಅಲ್ಲಿ ಲಯ ಎಂಬುದೇ ಹುಟ್ಟುವುದಿಲ್ಲ. ಲಯವಿಲ್ಲದ್ದನ್ನು ವ್ಯಾಯಾಮ ಎನ್ನಬಹುದು, ಓಟ ಎನ್ನಲು ನನಗೆ ಮನಸ್ಸಿಲ್ಲ.

ಅಗಸ್ತ್ಯತೀರ್ಥ ಕೆರೆಯ ಸುತ್ತಿನ ಬಗ್ಗೆಯೂ ನನ್ನ ತಕರಾರಿದೆ. ನಕ್ಷೆಯಲ್ಲಿ ನೋಡಿದರೆ ಗುಡ್ಡಗಳ ನಡುವೆ ಚೆಂದದ ಕೆರೆ, ಪೂರ್ವದ ತುದಿಗೆ ಭೂತನಾಥ ಗುಡಿ, ದಕ್ಷಿಣಕ್ಕೆ ಗುಹೆಗಳು. ಓಡಲಿಕ್ಕೆ ಹೇಳಿ ಮಾಡಿಸಿದ ಜಾಗ. ಹೋಗಿ ನೋಡಿದರೆ ಊರ ಹೆಣ್ಣುಮಕ್ಕಳು ಪಾವಟಿಗೆಗಳ ಮೇಲೆ ಬಟ್ಟೆ ಒಗೆಯುತ್ತಿರುತ್ತಾರೆ, ಒಗೆದದ್ದನ್ನು ಕಲ್ಲಿನ ಮೇಲೆ ಹರವಿರುತ್ತಾರೆ. ಕೈಯಲ್ಲಿ ತಿಂಡಿಯ ಪೊಟ್ಟಣ ಕಂಡರೆ ಮಂಗ್ಯಾಗಳು ನಿಮಗಿಂತ ಚೆನ್ನಾಗಿ ಓಡುತ್ತವೆ. ಸಂರಕ್ಷಿತ ಸ್ಮಾರಕಗಳ ಗೇಟು ತೆರೆಯುವುದು ಸೂರ್ಯೋದಯಕ್ಕೆ, ಅಷ್ಟೊತ್ತಿಗೆ ಊರೂ ಎದ್ದಿರುತ್ತದೆ. ಊರಿನ ಅಂಗಳವನ್ನು ಓಟದ ಟ್ರ್ಯಾಕು ಮಾಡಿಕೊಳ್ಳುವುದು ಸರಿಯಲ್ಲ. ಕೆರೆಯ ಈಶಾನ್ಯದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ. ಅದರ ಹತ್ತಿರ ಹಾದೂ ನಿಲ್ಲದವರನ್ನು ಏನನ್ನಬೇಕೋ ತಿಳಿಯದು.

ಹಾಗಾದರೆ ಇಲ್ಲಿ ಓಡಬಾರದೇ? ಓಡಬೇಕು. ಮಹಾಕೂಟದ ಹಾದಿಯಲ್ಲಿ ಓಡಬೇಕು.

ರಸ್ತೆ ಹಿಡಿದರೆ ಗುಡಿಗಳ ತಾಣವಾದ ಮಹಾಕೂಟ ಸುತ್ತುಬಳಸು. ಗುಡ್ಡದ ಮೇಲಿಂದ ಸುಮಾರು 5 ಕಿಲೋಮೀಟರು. ಭಕ್ತರು ತಲೆತಲಾಂತರದಿಂದ ನಡೆದ ಹಾದಿ ಇದು, ಅಲ್ಲಲ್ಲಿ ಕಲ್ಲು ಹಾಸಿದೆ. ಕೋಟೆಯ ದಾರಿಗೂ ಇದಕ್ಕೂ ಇರುವ ವ್ಯತ್ಯಾಸ ಕಾಲಿಗೆ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು ಇದ್ದವರು ನಡೆಯಬೇಕಾದ ದಾರಿ ಆದ್ದರಿಂದ ಏರು ಎಲ್ಲಿಯೂ ಹಟ ಹಿಡಿಯುವುದಿಲ್ಲ. ಕಡಿದಾದ ಕಡೆ ತುಸು ಬಳಸಿ ಹೋಗುತ್ತದೆ. ಗುಡ್ಡದ ನೆತ್ತಿ ಸೇರಿದ ಮೇಲೆ ಬಂಡೆಬಯಲು, ಕುರುಚಲು, ಒಣಹುಲ್ಲು, ಗಾಳಿ. ಅಲ್ಲಿ ಹೆಜ್ಜೆ ತಾನಾಗಿ ಸಣ್ಣದಾಗಿ, ಚುರುಕಾಗಿ, ಒಂದೇ ಸಮಕ್ಕೆ ಬೀಳತೊಡಗುತ್ತದೆ. ಮುಂದೆ ಕೊಳ್ಳಕ್ಕೆ ಇಳಿತ, ಮರಗಳ ನೆರಳು, ಹಳೆಯ ಬಾಗಿಲ ಎರಡೂ ಬದಿ ಎಲುಬಿನ ಹಂದರವಾಗಿ ಕೂತ ಕಾಲ ಮತ್ತು ಕಂಕಾಳಿ. ಓಡಿ ಬಂದು ಎದೆ ಬಡಿದುಕೊಳ್ಳುತ್ತಿರುವಾಗ ಆ ಪಕ್ಕೆಲುಬುಗಳನ್ನು ನೋಡುವುದು ಒಂದು ಅನುಭವ. ಚಾಲುಕ್ಯ ಶಿಲ್ಪಿಗೆ ವಿನೋದಬುದ್ಧಿ ಇತ್ತೆಂದು ನನ್ನ ಗುಮಾನಿ. ಒಳಗೆ ವಿಷ್ಣು ಪುಷ್ಕರಣಿ, ಬುಗ್ಗೆಯ ನೀರಿನ ಹೊಂಡ, ಅದರೊಳಗೆ ಪುಟ್ಟ ಮಂಟಪದಲ್ಲಿ ಚತುರ್ಮುಖ ಲಿಂಗ. ದಾರಿಯೊಂದು ನೀರಿನಲ್ಲಿ ಮುಗಿಯಬೇಕೆಂದು ಬಲ್ಲವರು ಹಾಕಿದ ಹಾದಿ ಇದು. ಟ್ರೇಲ್ ಓಟ ಎಂಬ ಅಭ್ಯಾಸಕ್ಕೆ ಬಾಗಲಕೋಟೆ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಕಂಡಿಲ್ಲ.

ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿ ಜಾತ್ರೆಗೆ ನಡೆದು ಬರುವವರನ್ನು ನೋಡಿದರೆ ದೂರ ಕ್ರಮಿಸುವ ಬಗ್ಗೆ ನಮ್ಮ ನಾಡಿಗೆ ಬೇರೆಯೇ ತಿಳಿವಳಿಕೆ ಇರುವುದು ಕಾಣುತ್ತದೆ. ರಾತ್ರಿಯ ತಂಪಿನಲ್ಲಿ ಗುಂಪಾಗಿ ನಡೆಯುತ್ತಾರೆ, ಹಾದಿಬದಿಗೆ ಒರಗುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಹೆಂಗಸರು ಮಾರುವ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಮುಂದೆ ಓಟಗಾರರ ಜೇಬಿನ ಅಂಟಂಟು ಜೆಲ್ ಏನೇನೂ ಅಲ್ಲ. ಓಡುತ್ತ ರೊಟ್ಟಿ ತಿನ್ನಲಾಗದು ಎನ್ನಬಹುದು. ತಿನ್ನಲು ಕೂರಬೇಕು, ಹೌದು.

ಬಾದಾಮಿಯ ಆಚೆಯ ಗುಡ್ಡದಲ್ಲಿ ಸಿಡಿಲಫಡಿ ಇದೆ, ನಡುವೆ ತೂತು ಬಿದ್ದ ಸಹಜ ಕಲ್ಲಿನ ಕಮಾನು. ಪ್ರಾಗೈತಿಹಾಸಿಕ ಕಾಲದ ಚಿತ್ರಗಳು ಅಲ್ಲಿನ ಬಂಡೆಯ ಮೇಲಿವೆ. ಆ ಹಾದಿ ಕುರಿಗಾಹಿಗಳದು. ಕುರಿ ಹುಲ್ಲು ಇದ್ದಲ್ಲಿಗೆ ಹೋಗುತ್ತದೆ, ಹಾಗಾಗಿ ದಾರಿಯೂ ಒಂದು ಹತ್ತಾಗಿ ಸೀಳುತ್ತದೆ. ಬಂಡೆಯ ಮೇಲೆ ಹೆಜ್ಜೆ ಗುರುತು ಉಳಿಯುವುದಿಲ್ಲ. ಅಲ್ಲಿ ವೇಗವಾಗಿ ಹೋದವರು ವೇಗವಾಗಿಯೇ ದಾರಿ ತಪ್ಪುತ್ತಾರೆ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ನಡೆದೇ ಹೋಗುವುದು ಲೇಸು. ಬಣ್ಣಬಣ್ಣದ ಬನಿಯನ್ನು ತೊಟ್ಟು ಓಡುವವರನ್ನು ಕಂಡು ಕುರಿ ಕಾಯುವ ಅಜ್ಜ, ‘ಯಾರರ ಬೆನ್ನ ಹತ್ಯಾರೇನ್ರೀ?’ ಎಂದು ಕೇಳಿದರೆ ಅದು ಬರೀ ಕುಚೋದ್ಯವಲ್ಲ. ಗಾಬರಿಯಾದ ಕುರಿಹಿಂಡನ್ನು ಮತ್ತೆ ಕೂಡಿಸುವ ಕೆಲಸ ಅವನ ಪಾಲಿಗೆ ಬರುತ್ತದೆ.

ಜಿಲ್ಲೆಯ ಉಳಿದ ಕಡೆ ಮಾತು ಚಿಕ್ಕದು. ಐಹೊಳೆಯಲ್ಲಿ ಮೇಗುಟಿ ಗುಡ್ಡ ಹತ್ತಬಹುದು. ಮೇಲೆ 634ರ ರವಿಕೀರ್ತಿಯ ಶಾಸನ, ಹಿಂದೆ ಬೃಹತ್ ಶಿಲಾ ಸಮಾಧಿಗಳು, ಆದರೆ ಓಟಕ್ಕೆ ಜಾಗ ಸಣ್ಣದು. ಹುನಗುಂದದ ಎರಿ ಹೊಲಗಳ ನಡುವಿನ ಬಂಡಿ ದಾರಿ ಚಳಿಗಾಲದಲ್ಲಿ ಸೊಗಸು, ಎಡಬಲಕ್ಕೆ ಜೋಳ, ಕಡಲೆ. ಒಂದು ಮಳೆ ಬಿದ್ದರೆ ಬೂಟಿಗೆ ಸೇರುಗಟ್ಟಲೆ ಮಣ್ಣು. ಇಳಕಲ್ಲಿನಲ್ಲಿ ಕಲ್ಲು ಬದಲಾಗುತ್ತದೆ, ಮರಳುಗಲ್ಲು ಹೋಗಿ ಕೆಂಪು ಗ್ರಾನೈಟು. ಗಣಿಯ ಲಾರಿ ಓಡಾಡುವ ಕಡೆ ಓಟವನ್ನು ನಾನು ಯಾರಿಗೂ ಹೇಳಲಾರೆ. ಬಾಗಲಕೋಟೆಯ ನವನಗರದವರಿಗೆ ಅಗಲವಾದ ರಸ್ತೆಗಳಿವೆ, ಹಳೆಯ ಊರನ್ನು ನುಂಗಿದ ಆಲಮಟ್ಟಿ ಹಿನ್ನೀರಿದೆ. ಯಡಹಳ್ಳಿಯ ಕಡೆ ಮಾತ್ರ ಕಣ್ಣು ಹಾಕುವುದು ಬೇಡ: 2016ರಿಂದ ಅದು ಚಿಂಕಾರಾ ಅಭಯಾರಣ್ಯ. ಆ ನಾಚಿಕೆಯ ಜೀವಕ್ಕೆ ಓಡುವುದು ಹವ್ಯಾಸವಲ್ಲ.

ಓಟಗಾರ ಗೆಳೆಯರಿಗೆ ನನ್ನ ಮುಂದಿನ ಮಾತು ರುಚಿಸಲಿಕ್ಕಿಲ್ಲ. ನೂರಾರು ಜನರ ಸ್ಪರ್ಧೆಯನ್ನು ಬಾದಾಮಿ ಗುಡ್ಡದ ಮೇಲೆ ತರಬಾರದು. ಸ್ಪರ್ಧೆ ಬಂದರೆ ದಾರಿ ತೋರಲು ಬಂಡೆಗೆ ಬಣ್ಣದ ಬಾಣ ಬರುತ್ತದೆ. ಮರಳುಗಲ್ಲು ಬಣ್ಣ ಹೀರಿಕೊಂಡರೆ ಉಜ್ಜಿ ತೆಗೆಯುವಾಗ ಕಲ್ಲೂ ಹೋಗುತ್ತದೆ. ಊರುಗೋಲಿನ ಲೋಹದ ಮೊನೆ ಚಪ್ಪಡಿಯಲ್ಲಿ ಗೀರು ಬಿಡುತ್ತದೆ, ಅಕ್ಷರ ಇರುವ ಚಪ್ಪಡಿ ಯಾವುದು, ಇಲ್ಲದ್ದು ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಹಿಂದಿನವರು ತಳ್ಳುತ್ತಾರೆಂದು ಮುಂದಿನವರು ದಾರಿ ಬಿಟ್ಟು ಹುಲ್ಲು ತುಳಿಯುತ್ತಾರೆ, ಎರಡೇ ವರ್ಷದಲ್ಲಿ ಒಂದು ಹಾದಿ ಮೂರಾಗುತ್ತದೆ. ಓಟದಿಂದ ಊರಿಗೆ ನಾಲ್ಕು ಕಾಸು ಬರುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನಾಲ್ಕು ಕಾಸು ನಾಲ್ಕೈದು ಜನರ ಗುಂಪುಗಳಿಂದಲೂ ಬರುತ್ತದೆ, ಒಂದೇ ಭಾನುವಾರದ ಬದಲು ಚಳಿಗಾಲವಿಡೀ ಬರುತ್ತದೆ.

ಕೋಟೆಯನ್ನು ನಡೆದು ನೋಡಲು ಇಟ್ಟುಕೊಂಡು, ನವೆಂಬರಿನಿಂದ ಫೆಬ್ರವರಿಯ ನಡುವೆ ಬೆಳಕು ಹರಿಯುತ್ತಲೇ ಮಹಾಕೂಟದ ಕಡೆ ಹೊರಡುವುದು ಉತ್ತಮ. ನಡುವೆ ನೀರು ಸಿಗುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ಎದುರಿಗೆ ನಡೆದು ಬರುವವರು ಕಂಡರೆ ಬದಿಗೆ ಸರಿದು ನಿಲ್ಲುವುದು ಓಟಗಾರನ ಕೆಲಸ, ಅವರದಲ್ಲ. ವಾಪಸ್ ಬರಲು ಮಹಾಕೂಟದ ಮುಂದೆ ಟಂಟಂ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಬಂಡೆ ಕಾಯುವ ಮುಂಚೆ ಅದೇ ಗುಡ್ಡ ಹತ್ತಬೇಕು.